ಮಾವಿನ ತರಗು ಗೊಬ್ಬರವಾಗುವ ಬಗೆ, ತೋರಣದ ಎಲೆಯೂ ಸೇರಿ

ತೋರಣದಲ್ಲಿ ಮಾವಿನೆಲೆ ಮೂರು ನಾಲ್ಕು ದಿನ ಬಾಡದೆ ಇರುವುದಕ್ಕೂ ಅದೇ ಎಲೆ ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆಯದೆ ಕೂರುವುದಕ್ಕೂ ಕಾರಣ ಒಂದೇ. ಮೇಲೆ ಮೇಣದ ಪದರ, ಒಳಗೆ ಗಡಸು ನಾರು. ಬಾಗಿಲಿಗೆ ಈ ಗುಣ ಬೇಕು, ಗೊಬ್ಬರಕ್ಕೆ ಬೇಡ.

ತೋರಣಕ್ಕೆ ಬಲಿತ, ಕಡುಹಸಿರು ಎಲೆಯನ್ನೇ ಕೀಳುತ್ತೇನೆ. ತಾಮ್ರದ ಬಣ್ಣದ ಚಿಗುರು ನೋಡಲು ಚೆಂದ, ಮಧ್ಯಾಹ್ನಕ್ಕೇ ಜೋತುಬೀಳುತ್ತದೆ. ಮೂರಡಿ ಬಾಗಿಲಿಗೆ ಎರಡಿಂಚು ಅಗಲದ 21 ಎಲೆ, ನಾಲ್ಕೂವರೆ ಅಡಿ ಬಾಳೆನಾರು ಸಾಕು. ತೊಟ್ಟಿನ ಕಡೆ ಒಂದಿಂಚು ಹಿಂದಕ್ಕೆ ಮಡಚಿ, ನಾರನ್ನು ಮಡಿಕೆಯೊಳಗೆ ಕೂರಿಸಿ, ಒಂದೂವರೆ ಇಂಚಿನ ಅಂಚಿಕಡ್ಡಿ ಚುಚ್ಚಿ ಅದರ ತುದಿಯನ್ನು ಆಚೆ ಬದಿಗೆ ಹೊರಡಿಸುತ್ತೇನೆ (ಗುಡಿಸುವ ಪೊರಕೆಯದಲ್ಲ, ಹೊಸ ತೆಂಗಿನ ಗರಿಯದು). ಕಡ್ಡಿ ನಡುನರವನ್ನು ಹಾದು ಹೋಗಬೇಕು. ಪಕ್ಕಕ್ಕೆ ಚುಚ್ಚಿದರೆ ಎಲೆ ಒಣಗಿದಾಗ ಸೀಳಿ ಬೀಳುತ್ತದೆ. ಸ್ಟೇಪ್ಲರ್ ಸುಲಭ ನಿಜ, ಆದರೆ ಆ ಪಿನ್ನು ಮುಂದೆ ಗೊಬ್ಬರದಲ್ಲಿ ತುಕ್ಕು ಹಿಡಿದು ಬೆರಳಿಗೆ ಚುಚ್ಚುತ್ತದೆ. ನೈಲಾನ್ ದಾರವೂ ಅಷ್ಟೆ, ಗುದ್ದಲಿಗೆ ಸುತ್ತಿಕೊಳ್ಳುತ್ತದೆ. ನಾರು, ಕಡ್ಡಿಯ ತೋರಣವನ್ನು ಹಬ್ಬ ಮುಗಿದ ಮೇಲೆ ಹಾಗೇ ರಾಶಿಗೆ ಎಸೆಯಬಹುದು.

ಇನ್ನು ತರಗು. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಹಿತ್ತಲ ತುಂಬಾ ಇರುತ್ತದೆ. ಮೊದಲ ಕೆಲಸ ಪುಡಿ ಮಾಡುವುದು. ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ. ಎರಡು ದಿನ ಬಿಸಿಲಿಗೆ ಹರಡಿ, ನಡುಮಧ್ಯಾಹ್ನ ಗೋಣಿಚೀಲಕ್ಕೆ ಅರ್ಧ ತುಂಬಿ ತುಳಿಯುತ್ತೇನೆ. ಬೆಳಿಗ್ಗೆ ಇಬ್ಬನಿಯ ಪಸೆ ಇರುವಾಗ ಎಷ್ಟು ತುಳಿದರೂ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ರೂಪಾಯಿ ನಾಣ್ಯದಷ್ಟು ಚೂರಾದರೆ ಸಾಕು.

ಆಮೇಲೆ ನೆನೆಹಾಕುವುದು. 20 ಲೀಟರ್ ನೀರಿಗೆ 5 ಕೆಜಿ ಹಸಿ ಸಗಣಿ, ಕಾಲು ಕೆಜಿ ಬೆಲ್ಲ ಕದಡಿದ ಬಗ್ಗಡ. ಬೆಲ್ಲಕ್ಕೆ ಮಂಡ್ಯದ ಕಡೆ ಏನು ಬರ, ಅಂಗಡಿಯ ಹಳದಿ ಅಚ್ಚು ಬೇಡ, ಆಲೆಮನೆಯ ಕಪ್ಪು ಬೆಲ್ಲವೇ ಸರಿ. ತರಗು ತೇಲುತ್ತದೆ, ಹಾಗಾಗಿ ಮೇಲೆ ಹಲಗೆಯಿಟ್ಟು ಕಲ್ಲು ಹೇರಿ ಒಂದು ರಾತ್ರಿ ಬಿಡಬೇಕು.

ರಾಶಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ಇದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ತಳಕ್ಕೆ ತೆಂಗಿನ ಮಟ್ಟೆ, ಗಾಳಿಯಾಡಲಿ ಅಂತ. ಅದರ ಮೇಲೆ ನಾಲ್ಕು ಮಂಕರಿ (ಬುಟ್ಟಿ) ತರಗಿಗೆ ಎರಡು ಮಂಕರಿ ಹಸಿ ಹೊಂಗೆ ಸೊಪ್ಪು, ಒಂದು ಮಂಕರಿ ಸಗಣಿ, ಹೀಗೆ ಪದರ ಪದರವಾಗಿ. ಮಾವಿನ ತರಗಿನಲ್ಲಿ ಸಾರಜನಕ ಕಡಿಮೆ. ಅದನ್ನು ತುಂಬುವುದು ಹೊಂಗೆ. ನೆತ್ತಿಗೆ ನೆನೆದ ಗೋಣಿ ಹೊದಿಸದಿದ್ದರೆ ನಮ್ಮ ಏಪ್ರಿಲ್ ಬಿಸಿಲು ಮೇಲಿನ ಅರ್ಧ ಅಡಿಯನ್ನು ಹಪ್ಪಳ ಮಾಡಿಬಿಡುತ್ತದೆ.

ಐದನೇ ದಿನ ಕಬ್ಬಿಣದ ಸಲಾಕೆಯನ್ನು ನಡುವಿಗೆ ತೂರಿ, ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡುತ್ತೇನೆ. ತುದಿ ಚುರುಕ್ ಅನ್ನಬೇಕು. ತಣ್ಣಗಿದ್ದರೆ ಒಳಗೆ ಒಣಗಿದೆ, ಇಲ್ಲವೇ ಹಸಿರು ಸಾಲದು. ಗಬ್ಬು ನಾರಿದರೆ ನೀರು ಹೆಚ್ಚಾಗಿದೆ, ಒಣ ತರಗು ಬೆರೆಸಿ ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಐದು ತಿಂಗಳು ಹಿಡಿಯುತ್ತದೆ. ಮಾರ್ಚಿಯಲ್ಲಿ ಹಾಕಿದ್ದು ಗೌರಿ ಹಬ್ಬದ ಆಸುಪಾಸಿಗೆ ಸಿಗುತ್ತದೆ. ಅರ್ಧ ಇಂಚಿನ ಜರಡಿ ಹಿಡಿದಾಗ ಮೇಲುಳಿಯುವ ನಡುನರಗಳನ್ನು ಮುಂದಿನ ರಾಶಿಗೆ ಹಾಕುತ್ತೇನೆ.

ತರಗನ್ನು ಇಡಿಯಾಗಿ ಗಿಡದ ಬುಡಕ್ಕೆ ಹೊದಿಸುವವರು ಮೂರಿಂಚು ದಾಟಬೇಡಿ. ಎಲೆ ಹೆಂಚಿನ ಹಾಗೆ ಒಂದರ ಮೇಲೊಂದು ಕೂತು ಸಣ್ಣ ಮಳೆಯ ನೀರನ್ನೆಲ್ಲ ಆಚೆ ಜಾರಿಸುತ್ತದೆ. ಕಾಂಡದಿಂದ ನಾಲ್ಕಿಂಚು ದೂರವಿರಲಿ. ಇನ್ನೂ ಕೊಳೆಯದ ತರಗನ್ನು ಮಣ್ಣಿಗೆ ಬೆರೆಸಿ ತಕ್ಷಣ ಬದನೆ, ಮೆಣಸಿನ ಸಸಿ ನಾಟಿ ಮಾಡಿದರೆ ಎಲೆ ಹಳದಿಯಾಗುವುದು ಖಂಡಿತ, ಕೊಳೆಯುವ ತರಗೇ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿಬ್ಬು ರೋಗದ ಕಪ್ಪು ಮಚ್ಚೆಯ ಎಲೆಯನ್ನಂತೂ ಮತ್ತೆ ಮಾವಿನ ಬುಡಕ್ಕೆ ಹಾಕಲೇಬೇಡಿ; ಕಾವೇರಿದ ರಾಶಿಯ ನಡುವಿಗೆ ಹೂತುಹಾಕಿ.

ಸುಡುವುದು ಸುಲಭವಲ್ಲವೇ ಅನ್ನುವವರಿದ್ದಾರೆ. ಆ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಸೊನೆ ತಾಗಿ ಚರ್ಮ ಏಳುವವರು ಹಸಿ ಎಲೆ ಕೀಳುವಾಗಲೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ.

ಪಕ್ಕದಲ್ಲಿ ತೆಂಗಿನ ತೋಟವಿದ್ದರೆ ಇನ್ನೊಂದು ತಾಪತ್ರಯ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆಯಿಡುವುದು ಇಂಥ ಗೊಬ್ಬರದ ರಾಶಿಯಲ್ಲೇ. ಮಗುಚುವಾಗ ಹೆಬ್ಬೆರಳು ಗಾತ್ರದ, ಬಿಳಿಯ, ಅರ್ಧಚಂದ್ರದಂತೆ ಸುರುಳಿಯಾದ ಹುಳು ಸಿಕ್ಕರೆ ಒಂದೂ ಬಿಡದೆ ಆರಿಸಿ ಕೋಳಿಗೆ ಹಾಕಿ.