ತೋಟದ ಕೆರೆಯಿಂದ ಕಡಲಿಗೆ: ದೊಡ್ಡ ಆರ್‌ಸಿ ಬೋಟ್ ಓಡಿಸುವ ಬಗೆ

ರಿಮೋಟ್ ಬೋಟ್ ದೊಡ್ಡದಾಗಿ ಮಾಡಬೇಕು ಅನ್ನುವವರು ಮೊದಲು ಕೇಳುವುದು ಮೋಟಾರ್ ಬಗ್ಗೆ. ಗೋಣಿಕೊಪ್ಪದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಹಾಗಾಗಿ ಆ ಪ್ರಶ್ನೆ ನೇರ ನನ್ನ ಹತ್ತಿರವೇ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಬೋಟಿನ ತೂಕ ಎಷ್ಟು? ತೂಕ ಸರಿ ಇದ್ದರೆ ಅದು ನೀರಿನಲ್ಲಿ ನಿಜವಾದ ಬೋಟಿನ ಹಾಗೆ ಕೂರುತ್ತದೆ, ನಿಧಾನವಾಗಿ ವಾಲಿ ಏಳುತ್ತದೆ. ತೂಕ ಕಮ್ಮಿಯಾದರೆ ಎಷ್ಟೇ ಚೆನ್ನಾಗಿ ಬಣ್ಣ ಹೊಡೆದಿದ್ದರೂ ಸಣ್ಣ ಅಲೆಗೆ ಕುಣಿಯುತ್ತದೆ.

ನಾನು ಓಡಿಸುವುದು ಮಂಗಳೂರು ಕಡೆಯ ಟ್ರಾಲ್ ಬೋಟಿನ ಮಾದರಿ. 18 ಮೀಟರ್ ಬೋಟನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದೂವರೆ ಮೀಟರ್ ಆಗುತ್ತದೆ. ಆದರೆ ತೂಕ ಹನ್ನೆರಡು ಪಾಲು ಇಳಿದರೆ ಸಾಲದು. ಉದ್ದ, ಅಗಲ, ಎತ್ತರ ಮೂರೂ ಇಳಿದಿವೆ ಅಲ್ವಾ? ಹಾಗಾಗಿ 12 ಗುಣಿಸು 12 ಗುಣಿಸು 12, ಅಂದರೆ 1,728ರಲ್ಲಿ ಒಂದು ಪಾಲು. 50 ಟನ್ನಿನ ಬೋಟು 29 ಕೆಜಿಗೆ ಬರುತ್ತದೆ. ವೇಗದ ಲೆಕ್ಕ ಬೇರೆ. ಅದನ್ನು 12ರ ವರ್ಗಮೂಲದಿಂದ, ಸುಮಾರು ಮೂರೂವರೆಯಿಂದ ಭಾಗಿಸಬೇಕು. ನಿಜವಾದ ಬೋಟು ಗಂಟೆಗೆ 15 ಕಿಲೋಮೀಟರ್ ಹೋದರೆ ನಮ್ಮದು ನಾಲ್ಕು ಚಿಲ್ಲರೆ ಹೋದರೆ ಸಾಕು. ನೀವು ಕೆರೆ ಏರಿ ಮೇಲೆ ನಡೆಯುವ ವೇಗ ಅದು.

ಅಷ್ಟು ನಿಧಾನಕ್ಕೆ ರೇಸ್ ಮೋಟಾರ್ ಯಾಕೆ? ಹಳೇ ಕಾರಿನ ಎಸಿ ಬ್ಲೋವರಿನ 12 ವೋಲ್ಟ್ ಮೋಟಾರ್ ಸಾಕು. ದೊಡ್ಡ ಹಿತ್ತಾಳೆ ಪ್ರೊಪೆಲ್ಲರ್ ಹಾಕಿ. ಹಾಕಿದ ಮೇಲೆ ಬೋಟನ್ನು ನೀರಿನಲ್ಲಿ ಕಟ್ಟಿ, ಪೂರ್ತಿ ಥ್ರಾಟಲ್ ಕೊಟ್ಟು ಕರೆಂಟ್ ಅಳೆಯಿರಿ. ಸಾಮಾನ್ಯ ಕ್ಲಾಂಪ್ ಮೀಟರ್ ಎಸಿ ಮಾತ್ರ ತೋರಿಸುತ್ತದೆ, ಡಿಸಿ ಅಳೆಯುವಂಥದ್ದೇ ಬೇಕು. ನನ್ನದು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 15ರ ಫ್ಯೂಸ್, 30 ಆಂಪಿಯರ್ ತಡೆಯುವ ಸ್ಪೀಡ್ ಕಂಟ್ರೋಲರ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಕಳೆ ಸಿಕ್ಕಿ ಪ್ರೊಪೆಲ್ಲರ್ ನಿಂತುಹೋದಾಗ ವೈರ್ ಸುಡದೆ ಉಳಿಯುವುದು ಅದರಿಂದಲೇ.

ಬ್ಯಾಟರಿ ವಿಷಯದಲ್ಲಿ ನಾನು ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್ ಲೆಡ್ ಬ್ಯಾಟರಿಯ ಕಡೆ. ಒಂದೊಂದೂ ಎರಡು ಕೆಜಿಗಿಂತ ಜಾಸ್ತಿ ತೂಗುತ್ತದೆ. ಹೇಗೂ ತೂಕ ತುಂಬಬೇಕು, ಅದು ಕೆಲಸ ಮಾಡುವ ತೂಕವೇ ಆಗಲಿ. ಎರಡನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೊಟ್ಟು, ತಳಕ್ಕೆ ತಾಗಿಸಿ, ಜಾರದ ಹಾಗೆ ಕಟ್ಟಿ. ಪೂರ್ತಿ ಥ್ರಾಟಲ್ ಕೊಡದೆ ನಿಧಾನಕ್ಕೆ ಓಡಿಸಿದರೆ, ಅರ್ಧ ಚಾರ್ಜ್ ಮಾತ್ರ ಬಳಸಿದರೂ ಒಂದೂವರೆ ಗಂಟೆ ಓಡಬಹುದು. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿಗೆ ಬೇರೆಯೇ ಸಣ್ಣ ಬ್ಯಾಟರಿ ಕೊಡಿ. ಮೋಟಾರಿನದು ಇಳಿದುಹೋದರೂ ಚುಕ್ಕಾಣಿ ನಿಮ್ಮ ಕೈಯಲ್ಲಿರುತ್ತದೆ. ಚಾರ್ಜ್ ಮಾಡುವಾಗ ಡೆಕ್ಕಿನ ಮುಚ್ಚಳ ತೆಗೆದಿಡಿ, ಗ್ಯಾಸ್ ಒಳಗೆ ನಿಲ್ಲಬಾರದು.

ಮುಂದೆ ಮತ್ತು ಹಿಂದೆ ಖಾಲಿ ಜಾಗಕ್ಕೆ ಥರ್ಮೋಕೋಲ್ ತುಂಬಿ. ಒಂದು ಕೆಜಿ ತೂಕಕ್ಕೆ ಒಂದು ಲೀಟರ್ ಜಾಗದ ಲೆಕ್ಕ ಇಟ್ಟರೆ ಒಳಗೆ ನೀರು ತುಂಬಿದರೂ ಬೋಟ್ ಮುಳುಗದು. ಅಂಟಿಸಲು ಎಪಾಕ್ಸಿಯೇ ಬೇಕು. ಫೈಬರ್ ಅಂಗಡಿಯ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮೋಕೋಲ್ ಕರಗಿಹೋಗುತ್ತದೆ.

ಮೊದಲ ಸಲ ನೀರಿಗೆ ಬಿಡಲು ಕೆರೆಗೆ ಹೋಗಬೇಡಿ. ಕೊಡಗಿನಲ್ಲಿ ನಮಗೊಂದು ಅನುಕೂಲ ಇದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಸಿಮೆಂಟ್ ತೊಟ್ಟಿ. ಹಣ್ಣು ಕುಯ್ಲು ಶುರುವಾಗುವ ಮುಂಚೆ ಅದು ಖಾಲಿ ಇರುತ್ತದೆ. ತೋಟದವರನ್ನು ಕೇಳಿ ನೀರು ಬಿಟ್ಟು, ಬೋಟ್ ಇಳಿಸಿ, ನೀರಿನ ಗೆರೆ ಎಲ್ಲಿ ಬರುತ್ತದೆ ನೋಡಿ. ಸೀಸದ ತುಂಡುಗಳನ್ನು ತಳದಲ್ಲಿ ಹಿಂದೆ ಮುಂದೆ ಸರಿಸಿ ಸಮ ಮಾಡಿ. ಒಂದು ಬದಿ ಒತ್ತಿ ಬಿಟ್ಟಾಗ ಅದು ತಾನೇ ನೇರವಾಗಬೇಕು. ಆಗಲಿಲ್ಲ ಅಂದರೆ ತೂಕ ಮೇಲಿದೆ ಅಂತ ಅರ್ಥ. ಪ್ರತಿ ತುಂಡಿಗೂ ನಂಬರ್ ಬರೆದಿಡಿ. ಕೆರೆಗೆ ಹೋದಾಗ ಖಾಲಿ ಬೋಟನ್ನು ಇಬ್ಬರು ಸೇರಿ ನೀರಿಗಿಳಿಸಿ, ಆಮೇಲೆ ಬ್ಯಾಟರಿ ಮತ್ತು ಸೀಸ ಇಡುವುದು. 29 ಕೆಜಿ ಹಿಡಿದುಕೊಂಡು ಜಾರುವ ದಡ ಇಳಿಯುವ ಕೆಲಸ ಯಾರಿಗೂ ಬೇಡ.

ತೋಟದ ಕೆರೆಗಳು ತುಂಬಿ ನಿಲ್ಲುವುದು ಮಳೆ ಮುಗಿದ ಮೇಲೆ. ಅಕ್ಟೋಬರಿನಿಂದ ಜನವರಿ ಒಳ್ಳೇ ಕಾಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಹೋದರೆ ಸ್ಪ್ರಿಂಕ್ಲರ್ ಶುರುವಾಗುತ್ತದೆ, ನೀರು ದಿನದಿನಕ್ಕೆ ಇಳಿಯುತ್ತದೆ. ಆಗ ಪಂಪ್ ಓಡುತ್ತಿದ್ದರೆ ಫುಟ್‌ವಾಲ್ವ್ (ನೀರು ಎಳೆಯುವ ಪೈಪಿನ ಬಾಯಿ) ಇರುವ ಕಡೆ ಬೋಟ್ ಬಿಡಬೇಡಿ. ಅಂತರಗಂಗೆ ಹಬ್ಬಿರುವ ಕೆರೆಯೂ ಬೇಡ. ಬೋಟ್ ನಡುನೀರಿನಲ್ಲಿ ನಿಂತರೆ ಈಜಿ ತರಲು ಹೋಗಲೇಬಾರದು. ಪ್ಲಾಸ್ಟಿಕ್ ಹಾಸಿದ ಕೆರೆಯಲ್ಲಂತೂ ಹತ್ತಿ ಬರಲು ಕಾಲಿಗೆ ಹಿಡಿತವೇ ಸಿಗುವುದಿಲ್ಲ. ಮೀನಿನ ಗಾಳದ ರಾಡಿಗೆ ಟೆನ್ನಿಸ್ ಬಾಲ್ ಕಟ್ಟಿ, ಬೋಟಿನ ಆಚೆ ಎಸೆದು, ದಾರ ತಾಗಿಸಿ ಮೆಲ್ಲಗೆ ಎಳೆದುಕೊಳ್ಳಿ. ಸಂಜೆ ಐದಕ್ಕೆಲ್ಲ ಸಾಮಾನು ಕಟ್ಟಿ ಹೊರಡಿ. ಸಿದ್ದಾಪುರ, ತಿತಿಮತಿ ಕಡೆ ಆ ಹೊತ್ತಿನ ಮೇಲೆ ಕೆರೆ ಆನೆಗಳದ್ದು. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಲ್ಲಿ ಅನುಮತಿ ಇಲ್ಲದೆ ಇಳಿಯಬೇಡಿ.

ಓಡಿಸುವಾಗ ನೆನಪಿಡಬೇಕಾದ್ದು, ಭಾರದ ಬೋಟು ಥ್ರಾಟಲ್ ಬಿಟ್ಟ ಕೂಡಲೇ ನಿಲ್ಲುವುದಿಲ್ಲ. ದಡ ಇನ್ನೂ ದೂರ ಇರುವಾಗಲೇ ಬಿಡಿ, ಹತ್ತಿರ ಬಂದಾಗ ಸ್ವಲ್ಪ ರಿವರ್ಸ್ ಕೊಡಿ. 2.4 ಗಿಗಾಹರ್ಟ್ಸ್ ಸಿಗ್ನಲನ್ನು ನೀರು ನುಂಗಿಬಿಡುತ್ತದೆ. ರಿಸೀವರಿನ ಆಂಟೆನಾ ವೀಲ್‌ಹೌಸಿನ (ಚುಕ್ಕಾಣಿ ಹಿಡಿಯುವವರ ಕೋಣೆ) ತುದಿಯಲ್ಲಿ ನೆಟ್ಟಗೆ ನಿಲ್ಲಲಿ, ನೀವೂ ನೀರಿನ ಅಂಚಿಗಿಂತ ಏರಿ ಮೇಲೆ ನಿಲ್ಲಿ.

ಇನ್ನು ಕಡಲು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಮೇಲೆ ಕಣ್ಣೂರಿಗೆ ಹೋಗಬಹುದು, ಮಡಿಕೇರಿ ಕಡೆಯವರಿಗೆ ಸಂಪಾಜೆ ಇಳಿದರೆ ಮಂಗಳೂರು. ಪಣಂಬೂರಿನಂಥ ತೆರೆ ಒಡೆಯುವ ಬೀಚಿನಿಂದ ಬೋಟ್ ಬಿಡುವ ಆಸೆ ಬಿಟ್ಟುಬಿಡಿ. ಬೋಟು ಸಣ್ಣದಾಯಿತು, ತೆರೆ ಸಣ್ಣದಾಗಲಿಲ್ಲ. ಒಂದು ಮೀಟರ್ ತೆರೆ ನಮ್ಮ ಬೋಟಿಗೆ 12 ಮೀಟರಿನ ಸಮ. ಕಲ್ಲಿನ ತಡೆಗೋಡೆಯ ಒಳಗಿನ ಶಾಂತ ನೀರು ಹುಡುಕಿ, ಬಂದರಿನವರನ್ನೂ ಮೀನುಗಾರರನ್ನೂ ಕೇಳಿಕೊಂಡು ಇಳಿಸಿ. ಡಿಸೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವಂತಿಲ್ಲ, ನಮ್ಮದಂತೂ ಮನೆಯಲ್ಲೇ ಇರಲಿ.

ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕೆಜಿ. ಉಪ್ಪು ನೀರು ಬೋಟನ್ನು ಸ್ವಲ್ಪ ಮೇಲೆತ್ತುತ್ತದೆ. ಅದೇ ಗೆರೆಗೆ ಕೂರಿಸಲು 29 ಕೆಜಿಗೆ ಇನ್ನೂ 700 ಗ್ರಾಂ ಸೀಸ ಬೇಕು.

ಬೆಳಗ್ಗೆ ಗಾಳಿ ಕಮ್ಮಿ, ನೀರು ಶಾಂತ. ಆದರೆ ಆ ಹೊತ್ತಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಇಳಿತದ ಹೊತ್ತೂ ಸೇರಿದರೆ ನಿಂತ ಬೋಟು ಹೊರಗೇ ಹೋಗುತ್ತದೆ. ಹಾಗಾಗಿ ಭರತ ಏರುವ ಹೊತ್ತು ನೋಡಿಕೊಂಡು ಹೋಗಿ. ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಬೋಟ್ ಏನು ಮಾಡಬೇಕು ಅನ್ನುವ ಸೆಟ್ಟಿಂಗ್, ಅದನ್ನೂ ಬದಲಿಸಬೇಕು. ಕೆರೆಯಲ್ಲಿ ಸಿಗ್ನಲ್ ಹೋದರೆ ಮೋಟಾರ್ ನಿಲ್ಲಲಿ, ಗಾಳಿ ಯಾವುದಾದರೂ ದಡಕ್ಕೆ ತರುತ್ತದೆ. ಕಡಲಲ್ಲಿ ನಾನು ಮೋಟಾರ್ ನಿಧಾನಕ್ಕಿಟ್ಟು, ಚುಕ್ಕಾಣಿ ಪೂರ್ತಿ ಒಂದು ಕಡೆಗೆ ತಿರುಗಿಸಿಡುತ್ತೇನೆ. ಅಲ್ಲೇ ಸುತ್ತು ಹೊಡೆಯುತ್ತದೆ, ಮುಖ ತಿರುಗಿದಾಗ ಸಿಗ್ನಲ್ ಸಿಗುವ ಸಾಧ್ಯತೆ ಇರುತ್ತದೆ. ಹತ್ತಿರ ಈಜುವವರು ಇದ್ದರೆ ಬೋಟನ್ನು ನೀರಿಗೆ ಇಳಿಸುವುದೇ ಬೇಡ.

ಉಪ್ಪು ಸುಮ್ನೆ ಕೂರುವುದಿಲ್ಲ. ಸ್ಟೀಲ್ ಶಾಫ್ಟ್, ಹಿತ್ತಾಳೆ ಪ್ರೊಪೆಲ್ಲರ್ ಎರಡೂ ಸೇರಿದ ಜಾಗ ಮೊದಲು ತಿನ್ನಿಸಿಕೊಳ್ಳುತ್ತದೆ. ಘಾಟಿ ಹತ್ತುವ ಮುಂಚೆಯೇ ಸಿಹಿನೀರಿನಲ್ಲಿ ತೊಳೆದು, ಶಾಫ್ಟ್ ಹೊರಗೆಳೆದು ಒರೆಸಿ, ಅದು ತಿರುಗುವ ಟ್ಯೂಬಿಗೆ ಹೊಸ ಗ್ರೀಸ್ ತುಂಬಿ. ಮನೆಗೆ ಬಂದು ವೈರಿನ ಕನೆಕ್ಟರುಗಳನ್ನು ಬಿಚ್ಚಿ ನೋಡಿ, ಹಸಿರು ಕಂಡರೆ ಕತ್ತರಿಸಿ ಹೊಸದು ಹಾಕಿ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟು ಬೆಚ್ಚಗಿರುವ ಕೋಣೆಯಲ್ಲಿ ಇಡಿ, ಬ್ಯಾಟರಿಗೆ ತಿಂಗಳಿಗೊಮ್ಮೆ ಚಾರ್ಜ್ ಕೊಡಿ.