ಅಟ್ಟದ ಕಿಂಡಿ ಮುಚ್ಚುವ ಮುನ್ನ ಮೂರು ರಾತ್ರಿ ಕಾಯಿರಿ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. ದಸರಾ ಗೊಂಬೆಯ ಪೆಟ್ಟಿಗೆ ಇಳಿಸೋಣ ಎಂದು ಅಟ್ಟ ಹತ್ತಿದವರಿಗೆ ಮೂಲೆಯಲ್ಲಿ ಸಪೋಟ ಬೀಜ ತುಂಬಿದ ಹಿಕ್ಕೆಯ ರಾಶಿ ಸಿಕ್ಕಿರುತ್ತದೆ. ಪಟ್ಟದ ಗೊಂಬೆ ಸುತ್ತಿಟ್ಟಿದ್ದ ಹಳೇ ಪಂಚೆಯ ಮೇಲೆ ಯಾರೋ ಮಲಗಿ ಎದ್ದ ಗುರುತು ಬೇರೆ. ಮರುದಿನವೇ ಗಾರೆ ಮೇಸ್ತ್ರಿ ಹಾಜರು. "ಏನಿಲ್ಲ ಬುಡಿ ಸಾ, ಒಂದು ಬಾಂಡ್ಲಿ ಸಿಮೆಂಟು, ಮುಚ್ಚಾಕ್ಬುಡ್ತೀನಿ" ಅನ್ನುತ್ತಾನೆ. ಕೆಲಸ ಕೆಡುವುದು ಅಲ್ಲೇ.

ನಮ್ಮ ಬೀದಿಯಲ್ಲೇ ಆದದ್ದು ಹೇಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಸೂರಿನ ಕಿಂಡಿಗೆ ಸಿಮೆಂಟು ಮೆತ್ತಿದರು. ಮರಿ ಹಾಕಿದ್ದ ಮರಬೆಕ್ಕು ಒಳಗೇ ಇತ್ತು. ರಾತ್ರಿಯೆಲ್ಲ ಪರಚಾಡಿ ಮೂರು ಹೆಂಚು ಎತ್ತಿ ಹಾಕಿ ಹೊರಗೆ ಹೋಯಿತು. ಬೆಳಗಿನ ಜಾವ ಮಳೆ ಬಂದು ನಡುಮನೆಯ ಸೋಫಾ ತೊಯ್ದು ತೊಪ್ಪೆ.

ಹಂತ 1: ಬಂದವರು ಯಾರು ಅಂತ ನೋಡಿ

ನಮ್ಮ ಮೈಸೂರಿನ ಅಗ್ರಹಾರ, ಲಕ್ಷ್ಮೀಪುರ, ಸರಸ್ವತಿಪುರದ ಹಳೇ ಹೆಂಚಿನ ಮನೆಗಳಲ್ಲಿ, ಬಡಾವಣೆಗಳ ಫಾಲ್ಸ್ ಸೀಲಿಂಗ್ ಮನೆಗಳಲ್ಲಿ ಮೇಲೆ ಧಡಧಡ ಓಡಾಡುವುದು ಹೆಚ್ಚಾಗಿ ಮರಬೆಕ್ಕು. ಪುನುಗಿನ ಬೆಕ್ಕು ಅಂತಲೂ ಕರೆಯುತ್ತಾರೆ, ಆದರೆ ನಿಜವಾದ ಪುನುಗಿನ ಬೆಕ್ಕು ಬೇರೆ ಜಾತಿ. ಎರಡೂ ನಮ್ಮ ಸಾಕು ಬೆಕ್ಕಿನ ಕುಲದವಲ್ಲ. ಮರಬೆಕ್ಕು ಎರಡರಿಂದ ಐದು ಕಿಲೋ ತೂಗುತ್ತದೆ, ಬಾಲ ಹೆಚ್ಚುಕಮ್ಮಿ ಮೈಯಷ್ಟೇ ಉದ್ದ. ಹಣ್ಣು, ಇಲಿ, ಹುಳಹುಪ್ಪಟೆ, ಬೈನೆ ಮರದ ಕಾಯಿ ಎಲ್ಲ ತಿನ್ನುತ್ತದೆ. ಅದು ಇದ್ದ ಜಾಗಕ್ಕೆ ಘಮಘಮಿಸುವ ಅನ್ನದಂಥ ಒಂದು ವಾಸನೆ ಇರುತ್ತದೆ. ನಂಬದವರು ಮೂಗಿಟ್ಟು ನೋಡಬಹುದು.

ಗುರುತು ಹಿಡಿಯಲು ಕ್ಯಾಮೆರಾ ಬೇಡ, ರಂಗೋಲಿ ಪುಡಿ ಸಾಕು. ಕಿಂಡಿಯ ಹತ್ತಿರದ ಗೋಡೆಯ ಮೇಲೋ ಹಲಗೆಯ ಮೇಲೋ ಸಂಜೆ ತೆಳುವಾಗಿ ಉದುರಿಸಿ. ಅಕ್ಕಿ ಹಿಟ್ಟು ಹಾಕಬೇಡಿ, ಬೆಳಗಾಗುವಷ್ಟರಲ್ಲಿ ಇರುವೆಗಳು ಗುರುತನ್ನೆಲ್ಲ ಅಳಿಸಿರುತ್ತವೆ. ಹೆಜ್ಜೆಯಲ್ಲಿ ನಾಲ್ಕು ಬೆರಳಿದ್ದರೆ ಪಕ್ಕದ ಮನೆಯ ಬೆಕ್ಕು, ಐದು ಬೆರಳಿದ್ದರೆ ಮರಬೆಕ್ಕು. ಮುಂಗುಸಿಗೂ ಐದು ಬೆರಳೇ, ಆದರೆ ಅದು ಹಗಲಿನ ಗಿರಾಕಿ.

ಹಂತ 2: ಊಟ ಹಾಕುವುದನ್ನು ನಿಲ್ಲಿಸಿ

ಉದುರಿದ ಸೀಬೆ, ಸಪೋಟ ಸಂಜೆಯೊಳಗೆ ಆರಿಸಿಬಿಡಿ. ನಾಯಿಯ ತಟ್ಟೆ ರಾತ್ರಿ ಹೊರಗಿಡಬೇಡಿ, ಗೊಬ್ಬರದ ಡಬ್ಬಕ್ಕೆ ಮುಚ್ಚಳ ಹಾಕಿ. ಮರದ ತುದಿಯ ಹಣ್ಣು ಬಿಟ್ಟುಬಿಡಿ, ಅದು ನಿಮಗೆ ಎಟುಕುವುದೂ ಇಲ್ಲ. ಮರಕ್ಕೆ ನೈಲಾನ್ ಬಲೆ ಹೊದಿಸುವುದನ್ನು ನಾನು ಒಪ್ಪುವುದಿಲ್ಲ. ಬಾವಲಿ ರೆಕ್ಕೆ ಸಿಕ್ಕಿಸಿಕೊಳ್ಳುತ್ತದೆ, ನೆಲಕ್ಕೆ ಇಳಿಬಿದ್ದ ತುದಿಯಲ್ಲಿ ಕೇರೆ ಹಾವು ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಿಡಿಸುವವರು ಯಾರು?

ಹಂತ 3: ದಾರಿ ಕಡಿಯಿರಿ

ಸೂರಿಗೆ ತಾಗಿದ ಕೊಂಬೆಯನ್ನು ಐದಾರು ಅಡಿ ಹಿಂದಕ್ಕೆ ಸವರಿ. ಗೋಡೆಗೆ ಹತ್ತಿದಂತೆ ತೆಂಗಿನ ಮರವಿದ್ದರೆ, ಮಂಡ್ಯದ ಕಡೆ ತೋಟದವರು ಇಲಿ ಹತ್ತದಂತೆ ಮಾಡುವ ಹಾಗೆ ಬೊಡ್ಡೆಗೆ ಎರಡಡಿ ಅಗಲದ ನುಣುಪು ತಗಡು ಸುತ್ತಿ. ಟಿವಿ, ಇಂಟರ್ನೆಟ್ ಕೇಬಲ್‌ಗಳ ಗೊಂಚಲೂ ಅದಕ್ಕೆ ರಸ್ತೆಯೇ. ಕೇಬಲ್‌ನವರನ್ನು ಕರೆಸಿ ಸರಿಸಲು ಹೇಳಿ, ಬಂದರೆ ನಿಮ್ಮ ಪುಣ್ಯ.

ಹಂತ 4: ಕಿಂಡಿ

ನಿಧಾನವಾಗಿ ಓದಬೇಕಾದ ಭಾಗ ಇದು. ಹಗಲಲ್ಲಿ ಮುಚ್ಚಿದರೆ ಮಲಗಿರುವ ಪ್ರಾಣಿ ಒಳಗೆ ಸಿಕ್ಕಿಕೊಳ್ಳುತ್ತದೆ. 'ಹಾಗಾದರೆ ರಾತ್ರಿ ಮುಚ್ಚಿ' ಎಂದು ಬುದ್ಧಿ ಹೇಳುವವರು ಅರ್ಧ ಮಾತ್ರ ಸರಿ. ರಾತ್ರಿ ತಾಯಿ ಮೇಯಲು ಹೋಗಿರುತ್ತದೆ, ಮರಿಗಳು ಒಳಗೇ ಇರುತ್ತವೆ. ಮುಚ್ಚಿದಿರೋ, ಹೊರಗೆ ತಾಯಿ ಹೆಂಚು ಕೀಳುತ್ತದೆ, ಒಳಗೆ ಮರಿ ಸತ್ತು ಮನೆ ವಾರಗಟ್ಟಲೆ ನಾರುತ್ತದೆ. ಹಾಗಾಗಿ ಮುಚ್ಚುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು: ಒಳಗೆ ವಾಸ ಇದೆಯೇ? ಇದ್ದರೆ, ಮರಿ ಇವೆಯೇ?

ಮೊದಲ ಪ್ರಶ್ನೆಗೆ ಹಳೇ ಪೇಪರು ಸಾಕು. ನಾಲ್ಕೈದು ಹಾಳೆ ಉಂಡೆ ಮಾಡಿ ಕಿಂಡಿಗೆ ಸಡಿಲವಾಗಿ ತುರುಕಿ, ಪ್ರಾಣಿ ತಳ್ಳಿದರೆ ಬೀಳುವಷ್ಟು, ಗಾಳಿಗೆ ಬೀಳದಷ್ಟು. ಸತತ ಮೂರು ರಾತ್ರಿ ನೋಡಿ. ಜೋರು ಮಳೆಯ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವತ್ತು ಅದು ಹೊರಗೇ ಬರದೆ ಇರಬಹುದು. ಮೂರು ರಾತ್ರಿಯೂ ಉಂಡೆ ಅಲುಗದೆ ಇದ್ದು ಒಳಗಿಂದ ಸದ್ದೂ ಇಲ್ಲದಿದ್ದರೆ ಜಾಗ ಖಾಲಿ. ಮರಬೆಕ್ಕಿಗೆ ಹಗಲು ಮಲಗಲು ಒಂದೇ ಮನೆ ಅಂತಿಲ್ಲ, ಹಲವು ಬಿಡದಿ ಇರುತ್ತವೆ. ನಾಲ್ಕನೇ ದಿನ ಟಾರ್ಚು ಹಾಕಿ ಒಳಗೆಲ್ಲ ಒಮ್ಮೆ ನೋಡಿಕೊಂಡು, ಬೆಳಕಿನಲ್ಲಿ ಆರಾಮವಾಗಿ ಮುಚ್ಚಿ.

ದಿನಾ ಉಂಡೆ ಹೊರಗೆ ಬಿದ್ದಿದ್ದರೆ ಎರಡನೇ ಪ್ರಶ್ನೆ. ಮರಿಗಳು ವರ್ಷದ ಯಾವ ತಿಂಗಳಲ್ಲಾದರೂ ಹುಟ್ಟಬಹುದು, ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂದರೆ ಗೊಂಬೆ ಇಳಿಸುವ ಹೊತ್ತೇ ಬಾಣಂತನದ ಹೊತ್ತು. ಒಂದು ಸೂಲಿಗೆ ಎರಡರಿಂದ ಐದು ಮರಿ. ತಾಯಿ ಹೊರಟ ಮೇಲೆ ಅಟ್ಟದ ಕೆಳಗೆ ಕುರ್ಚಿ ಹಾಕಿಕೊಂಡು, ಟಿವಿ ಆರಿಸಿ, ಅರ್ಧ ಗಂಟೆ ಸುಮ್ಮನೆ ಕೂತು ಕೇಳಿ. ಕೀಚು ದನಿ ಕೇಳಿಸಿದರೆ ಅಥವಾ ತಾಯಿ ರಾತ್ರಿ ಮಧ್ಯೆ ಮಧ್ಯೆ ವಾಪಸ್ ಬರುತ್ತಿದ್ದರೆ ಮರಿ ಇವೆ ಎಂದೇ ತಿಳಿಯಿರಿ. ಆಗ ಮಾಡುವುದೇನೂ ಇಲ್ಲ. ಎರಡು ತಿಂಗಳು ಬಿಟ್ಟುಬಿಡಿ, ಅಷ್ಟರಲ್ಲಿ ಮರಿಗಳು ಹಾಲು ಬಿಟ್ಟು ತಾಯಿಯ ಹಿಂದೆ ಹೊರಡುತ್ತವೆ. ಬಾಣಂತಿಯನ್ನು ಯಾರಾದರೂ ಹೊರಗೆ ಹಾಕುತ್ತಾರೆಯೇ?

ಅಟ್ಟದಲ್ಲಿ ರೇಡಿಯೊ ಹಚ್ಚಿಟ್ಟು ಓಡಿಸುವ ಅಡ್ಡದಾರಿಯೊಂದಿದೆ. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ ಊರು ನಮ್ಮದು, ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದ್ದು. ಆದರೆ ಬೆಕ್ಕಿಗೆ ಆ ಅಭಿಮಾನ ಇಲ್ಲ. ಎರಡು ದಿನ ಬೆದರಿ ಮೂರನೇ ದಿನ ವಾರ್ತೆ ಕೇಳುತ್ತಲೇ ಮಲಗುತ್ತದೆ.

ಮರಿ ಇಲ್ಲವೆಂದು ಖಾತ್ರಿಯಾದರೆ ಹೀಗೆ ಮಾಡಿ. ಸಂಜೆ ಏಳರಿಂದ ಹಿತ್ತಲ ದೀಪ ಆರಿಸಿ ಕಾಯಿರಿ. ಅದು ಕಿಂಡಿಯಿಂದ ಇಳಿದು ಹೋದದ್ದನ್ನು ಕಣ್ಣಾರೆ ಕಾಣಬೇಕು, ಹೋಗಿರಬಹುದು ಎಂಬ ಅಂದಾಜು ಕೂಡದು. ಅರ್ಧ ಗಂಟೆ ಬಿಟ್ಟು ಅಟ್ಟದಲ್ಲಿ ಟಾರ್ಚು ಹಾಕಿ ನೋಡಿ. ಆಮೇಲೆ ಕಿಂಡಿಗೆ ನಾಲ್ಕೇ ಸ್ಕ್ರೂನಲ್ಲಿ ಜಾಲರಿ ತಾತ್ಕಾಲಿಕವಾಗಿ ಕೂರಿಸಿ. ಏಣಿಯನ್ನು ಕೆಳಗೊಬ್ಬರು ಹಿಡಿದಿರಲಿ. ಮುಂದಿನ ಎರಡು ದಿನ ಒಳಗಿಂದ ಚೂರು ಸದ್ದು ಬಂದರೂ ಜಾಲರಿ ಬಿಚ್ಚಿ. ಬರದಿದ್ದರೆ ಸುತ್ತಲೂ ವಾಷರ್ ಹಾಕಿ ರೀಪಿಗೆ ಬಿಗಿಯಿರಿ.

ಜಾಲರಿ ಅಂದರೆ ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್. ಹಾರ್ಡ್‌ವೇರ್ ಅಂಗಡಿಯವನು 'ಇದೂ ಆಗುತ್ತೆ, ಕಮ್ಮಿ ರೇಟು' ಅಂತ ಕೋಳಿ ಬಲೆ ತೋರಿಸಿದರೆ ತಗೊಳ್ಳಬೇಡಿ, ಬಗ್ಗಿಸಿ ನುಗ್ಗುತ್ತದೆ. ಡಬ್ಬಿಯಿಂದ ಉಕ್ಕುವ ಸ್ಪ್ರೇ ಫೋಮ್ ಇನ್ನೂ ಕಡೆ, ಹೆಗ್ಗಣಕ್ಕೆ ಅದು ಕಡುಬಿದ್ದ ಹಾಗೆ. ಸಿಮೆಂಟಿಗಿಂತ ಜಾಲರಿಯೇ ವಾಸಿ, ಅಟ್ಟಕ್ಕೆ ಗಾಳಿಯೂ ಆಡುತ್ತದೆ. ನನ್ನನ್ನು ಕೇಳಿದರೆ ಈ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿವರೆಗಿನ ಒಣ ದಿನಗಳೇ ಸರಿ.

ಮರಿಯೊಂದು ಕೆಳಗೆ ಬಿದ್ದಿದ್ದರೆ ಹಾಲು ಕುಡಿಸಲು ಹೋಗಬೇಡಿ. ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಅದರಲ್ಲಿಟ್ಟು, ಸಂಜೆ ಕಿಂಡಿಯ ಹತ್ತಿರವೇ ಎತ್ತರದಲ್ಲಿಡಿ. ತಾಯಿ ಕಚ್ಚಿಕೊಂಡು ಹೋಗುತ್ತದೆ. ಬೆಳಿಗ್ಗೆಯೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೋನಿಟ್ಟು ಹಿಡಿದು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬಿಟ್ಟು ಬರುವ ಸಾಹಸ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಜೊತೆಗೆ, ಕಿಂಡಿ ತೆರೆದಿದ್ದರೆ ಇನ್ನೊಂದು ಬಂದು ಸೇರಿಕೊಳ್ಳುತ್ತದೆ.

ಹಂತ 5: ಗುಡಿಸುವುದು

ಮಾಸ್ಕ್ ಹಾಕಿ, ಹಿಕ್ಕೆಗೆ ನೀರು ಚಿಮುಕಿಸಿ ತೆಗೆಯಿರಿ. ಒಣದಾಗಿ ಗುಡಿಸಿದರೆ ದೂಳು ಮೂಗಿಗೆ.

ಹಾವಿನ ಮಾತು ಬೇರೆ

ಹಿತ್ತಲಿಗೆ ಹಾವು ಬರುವುದು ಇಲಿ, ಕಪ್ಪೆ ಇರುವುದರಿಂದ. ಸೌದೆ, ಇಟ್ಟಿಗೆ, ತೆಂಗಿನ ಗರಿಯ ರಾಶಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಅಂಗಡಿಯಲ್ಲಿ ಮಾರುವ 'ಹಾವು ನಿವಾರಕ' ಪುಡಿ, ಫಿನಾಯಿಲ್, ಬೆಳ್ಳುಳ್ಳಿ ನೀರು, ನುಸಿ ಗುಳಿಗೆ ಯಾವುದಕ್ಕೂ ಹಾವು ಕ್ಯಾರೆ ಅನ್ನುವುದಿಲ್ಲ. ಇಲಿ ಪಾಷಾಣವೂ ಬೇಡ. ಬ್ರೋಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯದೆ ತೂಕಡಿಸುತ್ತ ಓಡಾಡುತ್ತದೆ. ಅದನ್ನು ಹಿಡಿದು ತಿಂದ ಗೂಬೆಗೂ ಮರಬೆಕ್ಕಿಗೂ ವಿಷ ಏರುತ್ತದೆ. ಆಮೇಲೆ ಇಲಿ ಹಿಡಿಯುವವರೇ ಇರುವುದಿಲ್ಲ. ಅಂಟಿನ ಹಲಗೆಯಂತೂ ಬೇಡವೇ ಬೇಡ, ಅಳಿಲು, ಓತಿಕ್ಯಾತ, ಹಾವು ಎಲ್ಲ ಅಂಟಿಕೊಳ್ಳುತ್ತವೆ. ಹಳೇ ಮರದ ಇಲಿ ಬೋನೇ ಸಾಕು.

ಹಾವು ಕಂಡರೆ ದೂರ ನಿಂತು ಕಣ್ಣಿಡಿ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಹಾಕಿ, ಹಿಡಿಯುವವರನ್ನು ಕರೆಸಿ. ಈ ಊರಿನಲ್ಲಿ ಆ ಕೆಲಸವನ್ನು ಮನೆಮಾತು ಮಾಡಿದವರು ಸ್ನೇಕ್ ಶ್ಯಾಮ್, ಇವತ್ತು ಬಲ್ಲವರು ಇನ್ನೂ ಹಲವರಿದ್ದಾರೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಇಟ್ಟುಕೊಂಡು ನೇರ ಕೆ.ಆರ್. ಆಸ್ಪತ್ರೆಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ, ಯಾವ ಹಾವು ಎಂದು ಹುಡುಕುತ್ತಾ ಹೊತ್ತು ಕಳೆಯಬೇಕಿಲ್ಲ.

ಕೋತಿಗೆ ಒಂದೇ ಸಲಹೆ: ಬಾಳೆಹಣ್ಣು ಕೊಡಬೇಡಿ, ಅಜ್ಜಿ ಬೈದರೂ ಕೊಡಬೇಡಿ. ಇನ್ನು ಚಿರತೆ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದಲ್ಲೇ ಕಾಣಿಸಿಕೊಂಡಿತಲ್ಲ. ಊರಂಚಿನ ಬಡಾವಣೆಯವರು ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ, ಮಾಂಸದ ಕಸವನ್ನು ಖಾಲಿ ಸೈಟಿಗೆ ಎಸೆಯಬೇಡಿ.

ಈ ಸಲ ಅಟ್ಟದಲ್ಲಿ ಮರಿ ಇದ್ದು ಗೊಂಬೆ ಕೂರಿಸಲೇಬೇಕಾದರೆ, ತಾಯಿ ಹೊರಟ ಮೇಲೆ ರಾತ್ರಿ ಎಂಟೂವರೆಗೆ ಹತ್ತಿ, ಮರಿ ಇರುವ ಮೂಲೆ ಮುಟ್ಟದೆ ಪೆಟ್ಟಿಗೆ ಮಾತ್ರ ಇಳಿಸಿಕೊಳ್ಳಿ. ಅವು ಪಂಚೆಯ ಮೇಲೇ ಮಲಗಿದ್ದರೆ ಪಂಚೆ ಅಲ್ಲೇ ಇರಲಿ. ವಿಜಯದಶಮಿ ಕಳೆದ ಮೇಲೆ ಗೊಂಬೆಗಳನ್ನು ತಗಡಿನ ಟ್ರಂಕಿಗೆ ಹಾಕಿ, ಡಿಸೆಂಬರ್ ಮುಗಿಯುವವರೆಗೆ ಮಂಚದ ಕೆಳಗೆ ತಳ್ಳಿಡಿ.