ಅಮೆರಿಕದಲ್ಲಿದ್ದು ಜಗತ್ತಿನ ಫುಟ್‌ಬಾಲ್ ನೋಡುವುದು ಹೇಗೆ?

ಶನಿವಾರ ಬೆಳಿಗ್ಗೆ ಏಳೂಕಾಲು. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಎಲ್ಲರೂ ಇನ್ನೂ ಮಲಗಿರುತ್ತಾರೆ. ನಾನು ಹಾಲು ಉಕ್ಕದ ಹಾಗೆ ಉರಿ ಸಣ್ಣ ಮಾಡಿ, ಡಿಕಾಕ್ಷನ್ ಬೆರೆಸಿ, ಟಿವಿ ಸದ್ದು ಇಳಿಸಿ ಕೂರುತ್ತೇನೆ. ಇನ್ನು ಹದಿನೈದು ನಿಮಿಷಕ್ಕೆ ಇಂಗ್ಲೆಂಡಿನಲ್ಲಿ ಪಂದ್ಯ ಶುರು. ಅದೇ ಪಂದ್ಯಕ್ಕೆ ಬೆಂಗಳೂರಿನಲ್ಲಿ ನನ್ನ ತಮ್ಮ ಸಂಜೆ ಕಾಫಿ ಹಿಡಿದು ಕೂತಿರುತ್ತಾನೆ. ಇಬ್ಬರೂ ಒಂದೇ ಸೋಫಾದಲ್ಲಿ ಇದ್ದೇವೆ ಅನ್ನಿಸುವುದು ವಾರದಲ್ಲಿ ಆ ಎರಡು ಗಂಟೆ ಮಾತ್ರ.

ಇಲ್ಲಿಗೆ ಹೊಸದಾಗಿ ಬಂದವರು, ಇಲ್ಲೇ ಹುಟ್ಟಿ ಈಗ ಆಟದ ರುಚಿ ಹತ್ತಿದ ಮಕ್ಕಳು, ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ಚಾನೆಲ್, ಜೆರ್ಸಿ ಎಲ್ಲ ಆಮೇಲೆ. ಮೊದಲು ಗಡಿಯಾರ ನೋಡಿಕೊಳ್ಳಿ.

ಹೊತ್ತು ಗೊತ್ತು ಮಾಡಿಕೊಳ್ಳಿ

ಅಮೆರಿಕದ ಪೂರ್ವ ಕರಾವಳಿಗೂ ಇಂಗ್ಲೆಂಡಿಗೂ 5 ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯಾಹ್ನ 12.30ರ ಆಟ ನಮಗೆ ಬೆಳಿಗ್ಗೆ 7.30ಕ್ಕೆ, 3 ಗಂಟೆಯ ಆಟ 10ಕ್ಕೆ. ಕ್ಯಾಲಿಫೋರ್ನಿಯಾದವರು ಇನ್ನೂ 3 ಗಂಟೆ ಮುಂಚೆ, ಅಂದರೆ ನಸುಕಿನ 4.30ಕ್ಕೇ ಏಳಬೇಕು. ಯುರೋಪಿನ ದೊಡ್ಡ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ ರಾತ್ರಿ ಪಂದ್ಯಗಳು ಇಲ್ಲಿ ಹೆಚ್ಚಾಗಿ ಮಧ್ಯಾಹ್ನ 3ಕ್ಕೆ, ಅದೂ ವಾರದ ನಡುವೆ. ಬೆಂಗಳೂರಿನವರು ಅದಕ್ಕೆ ನಿದ್ದೆಗೆಡಬೇಕು, ನಾವು ಕೆಲಸ ಹೊಂದಿಸಿಕೊಳ್ಳಬೇಕು.

ಒಂದು ಕಡೆ ಹೊಸಬರು ಎಡವುತ್ತಾರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಯುರೋಪಿನಲ್ಲಿ ಇಡುವುದು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ವ್ಯತ್ಯಾಸ 4 ಗಂಟೆಗೆ ಇಳಿಯುತ್ತದೆ. ಅಕ್ಟೋಬರ್ ಕೊನೆಗೂ ಒಂದು ವಾರ ಹೀಗೇ. ಮೊದಲ ವರ್ಷ ನಾನು ಒಂದು ಗಂಟೆ ಮುಂಚೆಯೇ ಎದ್ದು ಕೂತು, ಪಂದ್ಯ ರದ್ದಾಯಿತೇನೋ ಅಂತ ಗಾಬರಿಯಾಗಿ ತಮ್ಮನಿಗೆ ಫೋನ್ ಮಾಡಿದ್ದೆ. ಈ ವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಒಂದೇ ತಂಡ, ಒಬ್ಬ ಆಟಗಾರ

ನಾಲ್ಕು ದೊಡ್ಡ ತಂಡ ಹಿಡಿದರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಒಂದನ್ನು ಆರಿಸಿ, ಒಂದು ಪೂರ್ತಿ ಸೀಸನ್ ಅದರ ಜೊತೆಗಿರಿ. ಯಾವುದು ಅಂತ ಗೊತ್ತಾಗದಿದ್ದರೆ ಅಮೆರಿಕದ ಆಟಗಾರನೊಬ್ಬ ಇರುವ ತಂಡ ನೋಡಿ. ನನಗೆ ಆ ಆಟಗಾರ ಕ್ರಿಸ್ಟಿಯನ್ ಪುಲಿಸಿಕ್. ಪೆನ್ಸಿಲ್ವೇನಿಯಾದ ಹರ್ಶಿಯ ಹುಡುಗ. ಹದಿಹರೆಯದಲ್ಲೇ ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋದ, ಆಮೇಲೆ ಇಂಗ್ಲೆಂಡಿನ ಚೆಲ್ಸಿ, 2023ರಲ್ಲಿ ಇಟಲಿಯ ಎಸಿ ಮಿಲಾನ್. ಅವನ ಹಿಂದೆ ಹೋಗಿಯೇ ನಾನು ಮೂರು ದೇಶದ ಲೀಗ್ ಕಲಿತೆ.

ಚಾನೆಲ್ ವಿಷಯ ಸುಲಭ. ಇಂಗ್ಲೆಂಡಿನ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್ 2013ರಿಂದ ಎನ್‌ಬಿಸಿ ಬಳಗದಲ್ಲಿ ಬರುತ್ತಿದೆ, ಜಾಸ್ತಿ ಪಂದ್ಯಗಳಿಗೆ ಅವರದೇ ಸ್ಟ್ರೀಮಿಂಗ್ ಸೇವೆ ಪೀಕಾಕ್ ಬೇಕು. ಚಾಂಪಿಯನ್ಸ್ ಲೀಗ್‌ಗೆ ಪ್ಯಾರಾಮೌಂಟ್ ಪ್ಲಸ್ ಎಂಬ ಇನ್ನೊಂದು ಸ್ಟ್ರೀಮಿಂಗ್ ಸೇವೆ. ಹಕ್ಕುಗಳು ಕೈ ಬದಲಾಗುತ್ತಿರುತ್ತವೆ, ಹಾಗಾಗಿ ಪ್ರತಿ ಆಗಸ್ಟ್‌ನಲ್ಲಿ ಒಮ್ಮೆ ನೋಡಿಕೊಂಡು ನಿಮ್ಮ ತಂಡಕ್ಕೆ ಬೇಕಾದಷ್ಟೇ ಕೊಳ್ಳಿ. ಒಮ್ಮೆಯಾದರೂ ಸ್ಪ್ಯಾನಿಶ್ ಕಾಮೆಂಟರಿಯಲ್ಲೂ ನೋಡಿ. ಆಂಡ್ರೆಸ್ ಕ್ಯಾಂಟೋರ್ ಉಸಿರು ಹಿಡಿದು ‘ಗೋ...ಲ್’ ಅಂತ ಎಳೆಯುವುದನ್ನು ಕೇಳಲು ಭಾಷೆ ಬರಬೇಕಾಗಿಲ್ಲ.

ಪಟ್ಟಿಯ ಕೆಳಗೂ ಕಣ್ಣಿರಲಿ

ಇಲ್ಲಿನ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್, ನೋಡಿ ಬೆಳೆದವರಿಗೆ ಇದು ಹೊಸದು. ಎನ್‌ಎಫ್‌ಎಲ್‌ನಲ್ಲಿ ಕೊನೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವ ಮೊದಲ ಅವಕಾಶ ಸಿಗುತ್ತದೆ. ಇಂಗ್ಲೆಂಡಿನಲ್ಲಿ 20 ತಂಡಗಳ ಪೈಕಿ ಕೊನೆಯ 3 ತಂಡ ಕೆಳಗಿನ ಲೀಗಿಗೆ ಇಳಿಯಬೇಕು. ಪ್ಲೇಆಫ್, ಫೈನಲ್ ಯಾವುದೂ ಇಲ್ಲ. 38 ಪಂದ್ಯ ಮುಗಿದಾಗ ಮೇಲಿರುವವರೇ ಚಾಂಪಿಯನ್. 2016ರಲ್ಲಿ ಹಾಗೆ ಚಾಂಪಿಯನ್ ಆದ ಲೆಸ್ಟರ್ ಸಿಟಿ, 2023ರಲ್ಲಿ ಕೆಳಗಿಳಿಯಿತು. ಉಳಿಯಲು ಹೋರಾಡುವ ತಂಡಕ್ಕೆ ಡ್ರಾ ಕೂಡ ಹಬ್ಬ. ಲೀಗಿನ ಕೊನೆಯ ದಿನ ಹತ್ತೂ ಪಂದ್ಯ ಒಟ್ಟಿಗೆ ಶುರುವಾಗುತ್ತವೆ, ಸಾಮಾನ್ಯವಾಗಿ ಮೇ ತಿಂಗಳ ಒಂದು ಭಾನುವಾರ, ನಮಗೆ ಬೆಳಿಗ್ಗೆ 11ಕ್ಕೆ. ಆ ಭಾನುವಾರ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ದೇಶದ ತಂಡವನ್ನು ಬಿಡಬೇಡಿ

ವಿಶ್ವಕಪ್ ಬಂದಾಗ ನೋಡಿದರಾಯಿತು ಅನ್ನುವವರೇ ಜಾಸ್ತಿ. ಅರ್ಹತಾ ಪಂದ್ಯಗಳಲ್ಲಿರುವ ಸಂಕಟ ಅವರಿಗೆ ಗೊತ್ತಿಲ್ಲ. 2017ರ ಅಕ್ಟೋಬರ್ 10, ಟ್ರಿನಿಡಾಡಿನ ಕೂವಾ. ಅಮೆರಿಕಕ್ಕೆ ಡ್ರಾ ಆಗಿದ್ದರೂ ಸಾಕಿತ್ತು. 2–1ರಿಂದ ಸೋತಿತು. ಅದೇ ರಾತ್ರಿ ಪನಾಮಾ ಕೋಸ್ಟರಿಕಾವನ್ನೂ ಹೊಂಡುರಾಸ್ ಮೆಕ್ಸಿಕೊವನ್ನೂ ಸೋಲಿಸಿದವು. ಮೂರೂ ಫಲಿತಾಂಶ ಒಟ್ಟಿಗೆ ತಿರುಗಿಬಿದ್ದು 1986ರ ನಂತರ ಮೊದಲ ಸಲ ಅಮೆರಿಕ ವಿಶ್ವಕಪ್‌ನಿಂದ ಹೊರಗುಳಿಯಿತು. ಆ ರಾತ್ರಿ ನಮ್ಮ ಒಂದೇ ಗೋಲು ಹೊಡೆದದ್ದು 19 ವರ್ಷದ ಪುಲಿಸಿಕ್.

ಐದು ವರ್ಷದ ನಂತರ ಕತಾರ್ ವಿಶ್ವಕಪ್‌ನಲ್ಲಿ ಇರಾನ್ ವಿರುದ್ಧ ಗೆಲ್ಲಲೇಬೇಕಾದ ಪಂದ್ಯ. ಅದೇ ಹುಡುಗ ಓಡಿಬಂದು ಚೆಂಡನ್ನು ಗೋಲಿಗೆ ತಳ್ಳಿ, ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ನೆಲದ ಮೇಲೆ ನರಳುತ್ತಾ ಬಿದ್ದಿದ್ದ. ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಅಮೆರಿಕ 1–0ಯಿಂದ ಗೆದ್ದಿತು. ಕೂವಾ ನೋಡಿದ್ದವರಿಗೆ ಆ ಗೋಲು ಬೇರೆಯೇ.

ದೇಶದ ತಂಡ ಅಂದರೆ ಬರೀ ಗಂಡಸರದ್ದಲ್ಲ. ಹೆಂಗಸರ ತಂಡ 1991, 1999, 2015, 2019ರಲ್ಲಿ ನಾಲ್ಕು ಸಲ ವಿಶ್ವಕಪ್ ಗೆದ್ದಿದೆ. 1999ರ ಫೈನಲ್‌ಗೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90 ಸಾವಿರ ಜನ ಸೇರಿದ್ದರು. ಮಗಳಿದ್ದರೆ ಇಲ್ಲಿಂದಲೇ ಶುರು ಮಾಡಿಸಿ.

ನೇರವಾಗಿ ನೋಡಲು ಆಗದ ದಿನ

ಕೆಲಸ, ಮಕ್ಕಳ ಶಾಲೆ ಅಂತ ಪಂದ್ಯ ತಪ್ಪುವುದು ಇದ್ದದ್ದೇ. ಸಂಜೆ ರೀಪ್ಲೇ ನೋಡುವುದಾದರೆ ಬೆಳಿಗ್ಗೆಯೇ ಫೋನಿನಲ್ಲಿ ಸ್ಕೋರ್ ಆ್ಯಪ್‌ಗಳ ನೋಟಿಫಿಕೇಶನ್ ಬಂದ್ ಮಾಡಿ. ವಾಟ್ಸ್ಆ್ಯಪ್ ಗುಂಪುಗಳನ್ನೂ ಮ್ಯೂಟ್ ಮಾಡಿ. ನನ್ನ ತಮ್ಮನಿಗೂ ಹೇಳಿಟ್ಟಿದ್ದೇನೆ: ನಾನು ‘ನೋಡಿದೆ ಕಣೋ’ ಅಂತ ಬರೆಯುವವರೆಗೆ ಒಂದು ಚಪ್ಪಾಳೆಯ ಚಿತ್ರವನ್ನೂ ಕಳಿಸಬೇಡ.